ಡಬ್ಬಿಯ ಮೇಲೆ ಅಚ್ಚಾದ ಲೇಖಕ

ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ನಾನು ಲೇಖಕನಾದೆ. ಅದಕ್ಕೆ ವಿಶೇಷ ಸಿದ್ಧತೆಯೇನೂ ಬೇಕಾಗಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಅಷ್ಟೇ.

ನನ್ನ ಆತ್ಮವಿಶ್ವಾಸ ಆಧಾರವಿಲ್ಲದ್ದೇನಲ್ಲ. ಧಾರವಾಡದವನಾದ ನಾನು ವರ್ಗವಾಗಿ ವಡೋದರಾಕ್ಕೆ ಬಂದು ಇಪ್ಪತ್ತೆರಡು ವರ್ಷವಾಯಿತು. ಇಲ್ಲಿನ ಕನ್ನಡಿಗರ ಸಂಘದ ಸ್ಮರಣ ಸಂಚಿಕೆಯಲ್ಲಿ ನನ್ನ ಲೇಖನವಿಲ್ಲದ ವರ್ಷವೇ ಇಲ್ಲ. ಆ ಸಂಚಿಕೆಯ ಸಂಪಾದಕನೂ ನಾನೇ ಎಂಬುದು ಬೇರೆ ಮಾತು. ಬ್ಯಾಂಕಿನಲ್ಲಿ, ವರ್ಷಗಟ್ಟಲೆ ಲಾಕರ್ ತೆರೆಯದವರಿಗೆ ಕಳಿಸುವ ಪತ್ರಗಳನ್ನು ನಾನೇ ರಚಿಸುತ್ತಿದ್ದೆ. ಒಮ್ಮೆ ನನ್ನ ಪತ್ರ ಹಿಡಿದುಕೊಂಡು ಬಂದ ವೃದ್ಧರೊಬ್ಬರು ನನ್ನೆದುರೇ ಕಣ್ಣೀರು ಹಾಕಿದ್ದರು. ಬರಹಗಾರನಿಗೆ ಅದಕ್ಕಿಂತ ದೊಡ್ಡ ಮನ್ನಣೆ ಯಾವುದಿದೆ?

"ಅರ್ಥ ಆಗಲಿಲ್ಲ ಅಂತ ಅತ್ತಾರ ಅವರು," ಎಂದಳು ನನ್ನ ಹೆಂಡತಿ ವಸಂತಿ. ಆ ಮಾತನ್ನು ನಾನು ಕಡತಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರೋತ್ಸಾಹ ಬಂದದ್ದು ಮಗಳಿಂದ. ಅನಘಾ ಇಲ್ಲೇ ಹುಟ್ಟಿ, ಇಲ್ಲೇ ಕಾಲೇಜು ಓದುತ್ತಿರುವವಳು. ಗುಜರಾತಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಜಗಳವಾಡಬಲ್ಲಳು. ಕನ್ನಡ ಮಾತ್ರ ಊಟ ಕೇಳುವ ಮಟ್ಟದ್ದು, ಓದುವುದಂತೂ ಬರುವುದೇ ಇಲ್ಲ.

"ಅಪ್ಪಾ, ಈಗ ಎಲ್ಲಾರೂ ಫ್ರೀಲಾನ್ಸ್ ಬರೀತಾಳೆ," ಎಂದಳು. "ವೆಬ್‌ಸೈಟು, ಮ್ಯಾಗಝೀನು. ಮನೆಯಲ್ಲೇ ಕೂತು. ದುಡ್ಡು ಒಳ್ಳೆ ಬರ್ತಾನೆ."

ಲಿಂಗ ವಚನಗಳು ತಪ್ಪಿದ್ದರೂ ವಿಚಾರ ಸರಿಯಾಗಿತ್ತು. ಒಳ್ಳೆಯ ಸಂಭಾವನೆ ಕೊಡಬಹುದಾದ ಪತ್ರಿಕೆಗಳದ್ದೂ ಜಾಲತಾಣಗಳದ್ದೂ ಒಂದು ಪಟ್ಟಿ ಮಾಡಿದೆ. ಒಂದೇ ವಾರದಲ್ಲಿ ಹದಿನಾಲ್ಕು ಲೇಖನಗಳನ್ನು ಕಳಿಸಿದೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ "ಇನ್ನು ಮುಂದೆ ಪೂರ್ಣಾವಧಿ ಬರವಣಿಗೆ" ಎಂದು ಪ್ರಕಟಣೆಯನ್ನೂ ಹೊರಡಿಸಿದೆ. ಎಪ್ಪತ್ತು ಜನ ಕೈಮುಗಿದರು. ಮರಳಿ ಬ್ಯಾಂಕಿಗೆ ಹೋಗುವ ದಾರಿಯಂತೂ ಮುಚ್ಚಿಯೇ ಹೋಗಿತ್ತು.

ಹದಿನಾಲ್ಕರಲ್ಲಿ ಹನ್ನೆರಡು ಕಡೆಯಿಂದ ಉತ್ತರವೇ ಬರಲಿಲ್ಲ. ಹದಿಮೂರನೆಯ ಸಂಪಾದಕರು ಲೇಖನವನ್ನು ಮೆಚ್ಚಿ, ಸಂಭಾವನೆಯ ರೂಪದಲ್ಲಿ ಒಂದು ಗೌರವ ಪ್ರತಿ ಕಳಿಸುವುದಾಗಿ ಬರೆದರು. ಹದಿನಾಲ್ಕನೆಯ ಜಾಲತಾಣದವರು ದುಡ್ಡಿನ ಪ್ರಸ್ತಾಪವನ್ನೇ ಮಾಡದೆ, ನನ್ನ ಹೆಸರು ಲಕ್ಷಾಂತರ ಓದುಗರನ್ನು ತಲುಪಲಿದೆ ಎಂದು ನನಗೇ ಅಭಿನಂದನೆ ಹೇಳಿದರು.

ನನಗೆ ಮೈ ಉರಿಯಿತು. ಹೆಸರು ತಲುಪಿ ಏನಾಗಬೇಕು? ವಿದ್ಯುತ್ ಕಂಪನಿಯವರಿಗೆ ನನ್ನ ಹೆಸರು ತಿಂಗಳಿಗೊಮ್ಮೆ ತಲುಪುತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಈ ನಾಡಿನ ಬರಹಗಾರರ ಪರವಾಗಿ ಹತ್ತು ನಿಮಿಷ ಮಾತಾಡಿದೆ. "ಹಗಲೂ ರಾತ್ರಿ ಕೂತು ಬರದೀನಿ. ಹಗಲೂ ರಾತ್ರಿ. ಪುಕ್ಕಟೆ ಕೊಡಬೇಕಂತ. ಇದು ಯಾವ ನ್ಯಾಯ?"

ವಸಂತಿ ಸೌಟು ಕೆಳಗಿಡದೆ ಹೇಳಿದಳು. "ಇಪ್ಪತ್ತಾರು ವರ್ಷದಿಂದ ಅಡಗಿ ಮಾಡಲಿಕ್ಕೆ ಹತ್ತೀನಿ ನಾ. ಒಂದು ಗೌರವ ಪ್ರತಿನೂ ಬಂದಿಲ್ಲ."

ಸಭೆ ಅಲ್ಲಿಗೆ ಮುಕ್ತಾಯವಾಯಿತು.

ಎರಡು ದಿನಗಳ ನಂತರ ಅಹಮದಾಬಾದಿನ ಒಂದು ಜಾಲತಾಣದ ಜಾಹೀರಾತು ಕಂಡಿತು. ಭಾರತೀಯ ಭಾಷೆಗಳಲ್ಲಿ ಬರೆಯುವವರು ಬೇಕಾಗಿದ್ದಾರೆ, ಆಕರ್ಷಕ ಸಂಭಾವನೆ. ಅರ್ಜಿ ಹಾಕಿದೆ. ಅಲ್ಲಿನ ಸಂಪಾದಕಿ ಫೋನ್ ಮಾಡಿ ಹಿಂದಿಯಲ್ಲಿ ಬಹಳ ಗೌರವದಿಂದ ಮಾತಾಡಿದರು. ಮೊದಲು ಮೂರು ಪರೀಕ್ಷಾ ಲೇಖನ ಕೊಡಬೇಕಂತೆ. ವಿಷಯಗಳು: ಮೊಣಕಾಲು ನೋವು, ಚಳಿಗಾಲದ ಕೂದಲು, ಒಳ್ಳೆಯ ಪ್ರೆಶರ್ ಕುಕ್ಕರ್ ಆರಿಸುವುದು ಹೇಗೆ.

"ಯಾವ ಭಾಷೆಯಲ್ಲಿ?" ಎಂದು ಕೇಳಿದೆ.

"ನಿಮ್ಮ ಮಾತೃಭಾಷೆಯಲ್ಲೇ, ದೇಸಾಯಿ ಸರ್. ಅದನ್ನೂ ಕೇಳಬೇಕೇ?"

ಎಂಥ ಸಂಸ್ಕಾರವಂತರು ಎಂದುಕೊಂಡೆ. ಪರೀಕ್ಷೆ ಎಂಬ ಪದ ಚುಚ್ಚಿದರೂ ನುಂಗಿಕೊಂಡು, ಐದು ದಿನ ಕುಳಿತು ಬರೆದೆ. ಕುಕ್ಕರ್ ಲೇಖನದಲ್ಲಿ ಸೀಟಿಯ ಒಂಟಿತನದ ಬಗ್ಗೆ ಒಂದು ಪ್ಯಾರಾ ಬಂತು, ಅದನ್ನು ನಾನೇ ಮೂರು ಸಲ ಓದಿಕೊಂಡೆ.

ಕಳಿಸಿ ಎರಡು ವಾರವಾದರೂ ಸುದ್ದಿಯಿಲ್ಲ. ಫೋನ್ ಮಾಡಿದರೆ "ಚೆಕಿಂಗ್ ನಡೆಯುತ್ತಿದೆ" ಎಂಬ ಒಂದೇ ಉತ್ತರ. ನನ್ನ ಬರಹವನ್ನು ಸದ್ದಿಲ್ಲದೆ ನುಂಗಿಹಾಕುವ ಸಂಚು ಇದು ಎಂದು ಖಾತ್ರಿಯಾಯಿತು. ಬೆಳಗಿನ ರೈಲು ಹತ್ತಿ ಅಹಮದಾಬಾದಿಗೆ ಹೋದೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ತಿದ್ದಿ ತೀಡಿದೆ. ಎದುರು ಕುಳಿತಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ನೋಡಿ, ಜಪ ಮಾಡುತ್ತಿದ್ದೇನೆಂದು ತಿಳಿದು ಮಗುವಿಗೆ ಗಲಾಟೆ ಮಾಡಬೇಡವೆಂದಳು.

ಮೂರನೆಯ ಮಹಡಿಯ ಆಫೀಸಿನಲ್ಲಿ ಸಂಪಾದಕಿ ನನ್ನನ್ನು ಕಂಡದ್ದೇ ಎದ್ದು ನಿಂತರು. "ಒಳ್ಳೆಯದಾಯಿತು ಬಂದಿರಿ ಸರ್. ನಿಮ್ಮ ಫೈಲ್ ತೆರೆದರೆ ಗುಜರಾತಿ ಎಲ್ಲ ದುಂಡು ದುಂಡಗೆ ಕಾಣಿಸುತ್ತಿದೆ. ಕಂಪ್ಯೂಟರಿನವರು ಎರಡು ಸಲ ಫಾಂಟ್ ಹಾಕಿ ನೋಡಿದರು, ಸರಿಹೋಗಲಿಲ್ಲ."

"ಅದು ಗುಜರಾತಿ ಅಲ್ಲ. ಕನ್ನಡ."

"ಕನ್ನಡವೇ? ನೀವು ದೇಸಾಯಿ ಅಲ್ಲವೇ?"

"ಧಾರವಾಡದ ದೇಸಾಯಿ."

"ಧಾರವಾಡ," ಎಂದು ಅವರು ಯೋಚಿಸಿದರು. "ಅದು ಸೌರಾಷ್ಟ್ರದ ಕಡೆ ಬರುತ್ತದೆಯೇ?"

ಗುಜರಾತಿನಲ್ಲಿ ದೇಸಾಯಿಗಳು ಬೇಕಾದಷ್ಟಿದ್ದಾರೆ, ನಿಜ. ಆದರೆ ಐನೂರು ಮೈಲಿ ದಕ್ಷಿಣಕ್ಕೆ ಹೋದರೂ ಇದ್ದಾರೆ ಎಂಬ ಸಾಮಾನ್ಯ ಜ್ಞಾನ ಬೇಡವೇ? ರೈಲಿನಲ್ಲಿ ತಯಾರಿಸಿದ್ದ ಭಾಷಣದಲ್ಲಿ ಈ ಸಂದರ್ಭಕ್ಕೆ ಹೊಂದುವ ಒಂದು ವಾಕ್ಯವೂ ಇರಲಿಲ್ಲ. ಆದರೂ ಬಿಡಲಿಲ್ಲ, ಅದನ್ನೇ ಪೂರ್ತಿ ಹೇಳಿದೆ. ಕೋಪದ ಭರದಲ್ಲಿ ಅರ್ಧಕ್ಕರ್ಧ ಕನ್ನಡದಲ್ಲೇ ಹೇಳಿದೆ. ಕೊನೆಗೆ ಘನತೆಯಿಂದ ತಿರುಗಿ, ಬಾಗಿಲು ತೆರೆದು ಹೊರನಡೆದೆ. ಅದು ಹಳೆಯ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆ. ಒಳಗೆ ಸ್ವಲ್ಪ ಹೊತ್ತು ನಿಂತು ಮತ್ತೆ ಅವರೆದುರೇ ಹಾದು ಸರಿಯಾದ ಬಾಗಿಲಿನಿಂದ ಹೋಗಬೇಕಾಯಿತು.

"ನೀರು ಕುಡಿಯುತ್ತೀರಾ ಸರ್?" ಎಂದರು ಪಾಪ ಆಕೆ. ಕುಡಿದೆ.

ಮನೆಗೆ ಬಂದವನೇ ಒಂದು ಷರತ್ತು ಪತ್ರ ತಯಾರಿಸಿದೆ. ಬ್ಯಾಂಕಿನ ಶೈಲಿಯಲ್ಲಿ, ಅಂಕಿ ಹಾಕಿ, ಎರಡು ಪ್ರತಿಗಳಲ್ಲಿ. ಒಂದು, ಪರೀಕ್ಷಾ ಲೇಖನ ಬರೆಯುವುದಿಲ್ಲ. ಎರಡು, ಸಂಭಾವನೆಯನ್ನು ಪದಗಳ ಲೆಕ್ಕದಲ್ಲಿ ಕೊಡತಕ್ಕದ್ದು. ಮೂರು, ಲೇಖಕರು ಬರೆದದ್ದರಲ್ಲಿ ಒಂದಕ್ಷರವನ್ನೂ ಯಾರೂ, ಯಾವ ಕಾರಣಕ್ಕೂ, ಮುಟ್ಟತಕ್ಕದ್ದಲ್ಲ.

ಈ ಪತ್ರಕ್ಕೆ ಸಹಿ ಹಾಕುವ ಮಹಾನುಭಾವ ಸಿಕ್ಕಿದ್ದು ನಮ್ಮ ಕೆಳಗಿನ ಮನೆಯ ಕಿರೀಟ್‌ಭಾಯಿಯ ಮೂಲಕ. ಕಿರೀಟ್‌ಭಾಯಿ ರಸಾಯನದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ಸಜ್ಜನ. ನಾವು ಈ ಊರಿಗೆ ಬಂದ ದಿನ ಸ್ಟವ್ ಹೊತ್ತಿಸಿಕೊಟ್ಟವರೇ ಅವರು. ಅವರ ಅಕ್ಕನ ಗಂಡ ರಮಣೀಕ್‌ಭಾಯಿಗೆ ಸೂರತ್ತಿನ ಪಾಂಡೇಸರಾದಲ್ಲಿ ಸೀರೆ ಪ್ರಿಂಟ್ ಮಾಡುವ ಗಿರಣಿ ಇದೆ.

"ದೇಸಾಯಿ ಸಾಹೇಬ್, ಜೀಜಾಜಿಯ ಮಾಲು ಈ ವರ್ಷ ಮೊದಲ ಸಲ ನಿಮ್ಮ ಹುಬ್ಬಳ್ಳಿಗೆ ಹೋಗುತ್ತಿದೆ," ಎಂದರು ಕಿರೀಟ್‌ಭಾಯಿ. "ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಯಬೇಕಂತೆ. ದುಡ್ಡಿನ ವಿಷಯದಲ್ಲಿ ಅವರದು ದೊಡ್ಡ ಕೈ. ನನ್ನ ಮನೆಯ ಮನುಷ್ಯ ಅಂತ ನಿಮ್ಮ ಹೆಸರು ಹೇಳಿದ್ದೇನೆ."

ನಮ್ಮೂರಿನ ಅಲ್ಕಾಪುರಿ ಬಡಾವಣೆಯ ಒಂದು ಥಾಲಿ ಹೋಟೆಲಿನಲ್ಲಿ ಭೇಟಿಯಾಯಿತು. ರಮಣೀಕ್‌ಭಾಯಿ ಪುರಿ ಮುರಿಯುತ್ತಲೇ ಷರತ್ತುಗಳನ್ನು ಕೇಳಿಸಿಕೊಂಡರು. ಹನ್ನೆರಡು ಸೀರೆ, ಪದಕ್ಕೆ ಇಪ್ಪತ್ತು ರೂಪಾಯಿ. ನನ್ನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಕಾವ್ಯ ಬರೆದವರಿಗೂ ಈ ದರ ಸಿಕ್ಕಿರಲಾರದು. ಮೂರನೆಯ ಷರತ್ತನ್ನು ಮಾತ್ರ ನಾನು ಎರಡು ಸಲ ಓದಿ ಹೇಳಿದೆ.

"ಅರೇ ಸಾಹೇಬ್, ನಮ್ಮಲ್ಲಿ ಒಬ್ಬನಿಗೂ ನಿಮ್ಮ ಭಾಷೆ ಬರುವುದಿಲ್ಲ. ಮುಟ್ಟುವವರು ಯಾರು?" ಎಂದು ನಕ್ಕು, ಬಲಗೈ ದಾಲಿನಲ್ಲಿದ್ದುದರಿಂದ ಎಡಗೈಯಲ್ಲಿ ಸಹಿ ಹಾಕಿದರು. ಆ ಮಾತನ್ನು ನಾನು ಭರವಸೆ ಎಂದು ತಿಳಿದೆ. ಅದು ಎಚ್ಚರಿಕೆ ಎಂದು ತಿಳಿಯುವಷ್ಟು ಬುದ್ಧಿ ಆಗ ಇರಲಿಲ್ಲ.

ಸೀರೆಗಳ ಫೋಟೊಗಳು ಬಂದವು. ಪದಕ್ಕೆ ಸಂಭಾವನೆ ಎಂದಮೇಲೆ ಸಾಹಿತ್ಯ ತಾನಾಗಿಯೇ ಉದ್ದವಾಗುತ್ತದೆ. "ಉಷೆಯ ಪ್ರಥಮ ಕಿರಣವು ಸರೋವರದ ನಿಶ್ಚಲ ಜಲವನ್ನು ಸೋಕಿದಾಗ ಮೂಡುವ ಮಂದಹಾಸದಂತೆ" ಎಂದು ಮೊದಲ ಸೀರೆ ಶುರುವಾಯಿತು. ಅದು ಸೀರೆ ಎಂದು ಗೊತ್ತಾಗುವುದು ಐದನೆಯ ಸಾಲಿನಲ್ಲಿ. ನಾಲ್ಕನೆಯ ಸೀರೆಯ ಹೊತ್ತಿಗೆ ನನ್ನಲ್ಲಿದ್ದ ಉಷೆ, ಸಂಧ್ಯೆ, ಹುಣ್ಣಿಮೆಗಳೆಲ್ಲ ಖರ್ಚಾಗಿದ್ದವು.

ಐದನೆಯದು ಗಿಳಿಹಸಿರು ಸೀರೆ, ಕಿತ್ತಳೆ ಬಣ್ಣದ ಅಂಚು, ಮೈತುಂಬ ಮಿಣಮಿಣ ಚುಕ್ಕೆ. ಅರ್ಧ ಗಂಟೆ ನೋಡಿದೆ. ಏನೂ ಹೊಳೆಯಲಿಲ್ಲ. ನೆನಪಿಗಿರಲೆಂದು ಆ ಫೋಟೊದ ಕೆಳಗೆ ಹೀಗೆ ಟೈಪ್ ಮಾಡಿದೆ: "ಈ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಇದನ್ನು ಯಾರು ಉಡುತ್ತಾರೋ ದೇವರೇ ಬಲ್ಲ. ವಸಂತಿಯನ್ನು ಕೇಳಬೇಕು."

ಕೇಳಿದೆ. ವಸಂತಿ ಫೋಟೊ ದೊಡ್ಡದು ಮಾಡಿ ನೋಡಿದಳು. "ಛಲೋ ಅದ ಅಲ್ರೀ. ಮೈಗೆ ಹಗುರ, ಒಗದ್ರ ಬಣ್ಣ ಹೋಗೂದಿಲ್ಲ, ದಿನಾ ಉಡಲಿಕ್ಕೆ ಬರ್ತದ ಅಂತ ಬರೀರಿ. ಮುಗೀತು."

"ಇದು ಸಾಹಿತ್ಯ ಆಗ್ತದ ಏನು?"

"ಸೀರಿ ಕೊಳ್ಳಾಕಿ ಸಾಹಿತ್ಯ ಉಟಗೋತಾಳೇನು?"

ಸಹಿಸಲಾಗಲಿಲ್ಲ. ಬೇರೊಂದು ಪುಟ ತೆರೆದು, ಗಿಳಿ, ಮಾಮರ, ಸೂರ್ಯಾಸ್ತಗಳನ್ನು ಕೂಡಿಸಿ ಅರವತ್ತು ಪದಗಳ ಒಂದು ಗದ್ಯಗೀತೆ ಬರೆದೆ. ಅದನ್ನು ಆಮೇಲೆ ತಂದು ಐದನೆಯ ಜಾಗದಲ್ಲಿ ಸೇರಿಸುವುದೆಂದು ಮುಂದಕ್ಕೆ ಹೋದೆ.

ಹನ್ನೆರಡೂ ಮುಗಿದ ದಿನ ರಮಣೀಕ್‌ಭಾಯಿಯ ಫೋನ್. ಅಚ್ಚಿನವನು ಕಾಯುತ್ತಿದ್ದಾನೆ, ಈಗಲೇ ಕಳಿಸಿ ಎಂದರು. ವಸಂತಿ ಪಕ್ಕದಲ್ಲೇ ನಿಂತಿದ್ದಳು. "ಒಮ್ಮೆ ನಾ ಓದಿ ನೋಡ್ತೀನಿ, ಆಮ್ಯಾಲೆ ಕಳಸ್ರಿ."

"ಲೇಖಕ ಬರೆದದ್ದನ್ನ ಲೇಖಕನೇ ನೋಡಿಕೋತಾನ," ಎಂದು ಹೇಳಿ ಗುಂಡಿ ಒತ್ತಿದೆ.

ಮೂರು ವಾರಗಳ ನಂತರ ಡಬ್ಬಿಗಳು ತಯಾರಾದವು, ಬಂದು ನೋಡಿ ಎಂದು ಕರೆ ಬಂತು. ಖಾದಿ ಜುಬ್ಬಾ ಹೊಲಿಸಿದ್ದೆ. ಕಿರೀಟ್‌ಭಾಯಿ ರಜೆ ಹಾಕಿ ಜೊತೆಗೆ ಬಂದರು. ಪಾಂಡೇಸರಾದ ಬಣ್ಣದ ವಾಸನೆಯ ಬೀದಿಗಳನ್ನು ದಾಟಿ ಗಿರಣಿಯೊಳಗೆ ಹೋದರೆ, ಗೋಡೆಯೆತ್ತರಕ್ಕೆ ಡಬ್ಬಿಗಳು. ಒಂದೊಂದರ ಮೇಲೂ ನನ್ನ ಕನ್ನಡ. ಕಣ್ಣು ತೇವವಾಯಿತು. ಯಾವ ಪತ್ರಿಕೆಯ ಸಂಪಾದಕನೂ ನನ್ನನ್ನು ಇಷ್ಟು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿರಲಿಲ್ಲ.

ಗುಮಾಸ್ತರು, ಅಚ್ಚಿನವರು, ಪ್ಯಾಕಿಂಗಿನವರು ಸುತ್ತ ನೆರೆದರು. "ಓದಿ ಸಾಹೇಬ್, ಅರ್ಥ ಹೇಳಿ," ಎಂದರು ರಮಣೀಕ್‌ಭಾಯಿ. ಒಂದರಿಂದ ನಾಲ್ಕರವರೆಗೆ ಏರಿದ ದನಿಯಲ್ಲಿ ಓದಿ, ಹಿಂದಿಯಲ್ಲಿ ವಿವರಿಸಿದೆ. ಪ್ಯಾಕಿಂಗಿನವರು "ವಾಹ್" ಎಂದರು. ಐದನೆಯ ಡಬ್ಬಿ ಕೈಗೆ ಬಂತು. ಅದನ್ನೂ ಅದೇ ದನಿಯಲ್ಲಿ ಕೊನೆಯವರೆಗೂ ಓದಿಬಿಟ್ಟೆ, ಓದಿದ್ದೇನೆಂದು ಆಮೇಲೆ ತಿಳಿಯಿತು.

ಈ ಬಣ್ಣ ಕಣ್ಣಿಗೆ ಚುಚ್ಚುತ್ತದೆ.

ಚಿನ್ನದ ಬಣ್ಣದಲ್ಲಿ, ಸುತ್ತ ಬಳ್ಳಿಯ ಚೌಕಟ್ಟು ಹಾಕಿ ಅಚ್ಚು ಮಾಡಿದ್ದರು. ಒಂದಕ್ಷರ ಬಿಟ್ಟಿರಲಿಲ್ಲ. ಬೇರೆ ಪುಟದಲ್ಲಿದ್ದ ಗದ್ಯಗೀತೆಯನ್ನು ತಂದು ಸೇರಿಸಲು ನಾನು ಮರೆತೇಬಿಟ್ಟಿದ್ದೆ.

"ಇದರ ಅರ್ಥ?" ಎಂದರು ರಮಣೀಕ್‌ಭಾಯಿ.

"ಈ ಬಣ್ಣ… ಕಣ್ಣಿಗೆ ಹಬ್ಬ," ಎಂದೆ. "ಇದನ್ನು ಉಡುವ ಭಾಗ್ಯವಂತೆ ಯಾರೋ, ದೇವರೇ ಬಲ್ಲ."

"ಕೊನೆಯ ಸಾಲು?"

"ಅದು ವಸಂತ ಋತುವಿನ ವರ್ಣನೆ."

ಕಿರೀಟ್‌ಭಾಯಿಗೆ ಕನ್ನಡ ಬಾರದಿದ್ದರೂ ಕಿವಿ ಸರಿಯಾಗಿತ್ತು. "ನೀವು ಓದಿದಾಗ ವಸಂತಿ ಅಂತ ಕೇಳಿಸಿತಲ್ಲ? ಅದು ಭಾಭಿಯ ಹೆಸರು."

ರಮಣೀಕ್‌ಭಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. ಸೀರೆಯ ಡಬ್ಬಿಯ ಮೇಲೆ ಹೆಂಡತಿಯ ಹೆಸರು ಬರೆಯುವಂಥ ಗಂಡನನ್ನು ತಾವು ಇದೇ ಮೊದಲು ನೋಡುತ್ತಿರುವುದು ಎಂದರು. ಪ್ಯಾಕಿಂಗಿನವರು ಚಪ್ಪಾಳೆ ತಟ್ಟಿದರು. ಈ ಡಬ್ಬಿಗಳು ಇಲ್ಲೇ ಇವೆಯಲ್ಲ, ಏನಾದರೂ ನೆಪ ಹೇಳಿ ತಡೆಯಬಹುದು ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಅವರು ಹೇಳಿದರು: "ಇವು ಎರಡನೇ ಲಾರಿಗೆ. ಮೊದಲನೇದು ಹುಬ್ಬಳ್ಳಿ ಮುಟ್ಟಿ ನಾಲ್ಕು ದಿನ ಆಯಿತು."

ವಾಪಸು ಬರುವಾಗ ಕಿರೀಟ್‌ಭಾಯಿ ದಾರಿಯುದ್ದಕ್ಕೂ ನನ್ನನ್ನು ಹೊಗಳಿದರು. ಅದು ಹೆಚ್ಚು ನೋಯಿಸಿತು. ಹಬ್ಬದ ಮುಂಚಿನ ಮಾಲು, ಹೊಸ ಊರಿನ ಮಾರುಕಟ್ಟೆ, ನನ್ನ ಮಾತು ನಂಬಿ ಭಾವನ ಮುಂದೆ ನಿಂತ ಮನುಷ್ಯ. ಹೇಳಿಬಿಡೋಣವೆಂದು ಭರೂಚಿನಲ್ಲಿ ಬಾಯಿ ತೆರೆದೆ. ಅವರು ಶೇಂಗಾ ಪೊಟ್ಟಣ ಮುಂದೆ ಹಿಡಿದರು. ತಿಂದೆ.

ಮರುದಿನ ಕಿರೀಟ್‌ಭಾಯಿಯ ಹೆಂಡತಿ ಮೇಲೆ ಬಂದು ವಸಂತಿಗೆ ಅಭಿನಂದನೆ ಹೇಳಿ, ಐದನೆಯ ಸೀರೆಯ ಒಂದು ಡಬ್ಬಿ ಕೊಟ್ಟು ಹೋದರು. ವಸಂತಿ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ನಾನು ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಗಳನ್ನು ಯಾರೂ ಹೇಳದೆಯೇ ಮಡಚತೊಡಗಿದೆ.

"ಈ ಮಾತಿಗೂ ಇಪ್ಪತ್ತು ಇಪ್ಪತ್ತು ರೂಪಾಯಿ ಕೊಟ್ಟಾರೇನು?" ಎಂದಳು.

"ಹೂಂ."

"ವಸಂತೀನ ಕೇಳಬೇಕು ಅಂತ ಬರದೀರಿ. ಕೇಳಿದ್ರಿ, ಖರೆ. ಹೇಳಿದ್ದನ್ನ ಬರೀಲಿಲ್ಲ." ಡಬ್ಬಿಯನ್ನು ನನ್ನ ಕೈಗಿಟ್ಟಳು. "ಕೆಳಗ ಹೋಗಿ ಕಿರೀಟ್‌ಭಾಯಿಗೆ ಇದ್ದದ್ದು ಇದ್ದಂಗ ಹೇಳಿ ಬರ್ರಿ. ಅವರು ಮನಿ ಮನಶ್ಯಾನಂಗ ಬೆನ್ನಿಗೆ ನಿಂತಾರ. ಹಿಂಗ ಎಷ್ಟು ದಿನ ಅಡಗ್ತೀರಿ?"

ಹೋದೆ. ಹೇಳಿದೆ. ಕಿರೀಟ್‌ಭಾಯಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಭಾವನಿಗೆ ಫೋನ್ ಹಚ್ಚಿ, ನನ್ನ ಪರವಾಗಿ ಅವರೇ ತಪ್ಪು ಒಪ್ಪಿಕೊಂಡರು. ರಮಣೀಕ್‌ಭಾಯಿ ಹುಬ್ಬಳ್ಳಿಯ ಅಂಗಡಿಯವರನ್ನೂ ಅದೇ ಕರೆಗೆ ಸೇರಿಸಿ, ಕನ್ನಡದಲ್ಲಿ ನೀವೇ ಮಾತಾಡಿ ಎಂದು ನನಗೆ ಬಿಟ್ಟರು.

ನಾನು ಗಂಟಲು ಸರಿಮಾಡಿಕೊಂಡೆ. "ನಮಸ್ಕಾರ. ಆ ಐದನೇ ನಂಬರಿನ ಹಸಿರು ಸೀರಿ ಡಬ್ಬಿ…"

"ಅದನ್ನ ಕೇಳಬ್ಯಾಡ್ರಿ ಸರ," ಎಂದರು ಅಂಗಡಿಯವರು. "ಹೆಣ್ಮಕ್ಕಳು ಓದಿ ಓದಿ ನಗಾಕತ್ತಾರ. ಅವರಿಗೆ ತೋರಸ್ತಾರ, ಇವರಿಗೆ ತೋರಸ್ತಾರ. ನಕ್ಕೊಂತ ಬಿಚ್ಚಿ ನೋಡ್ತಾರ, ಅಷ್ಟೇನ ಚುಚ್ಚೂದಿಲ್ಲ ಬಿಡ್ರಿ ಅಂತಾರ, ತಗೊಂಡ ಹೊಂಟಬಿಡ್ತಾರ. ಖರೇ ಮಾತಾಡೋ ಕಂಪನಿ ಇದೊಂದ ಐತಿ ನೋಡ್ರಿ. ಇನ್ನೊಂದಿಷ್ಟ ಕಳಸಾಕ ಹೇಳ್ರಿ."

ನನ್ನ ಜೀವಕ್ಕೆ ಜೀವ ಬಂತು. ಜೀವ ಬಂದದ್ದೇ ಲೇಖಕನೂ ಎದ್ದು ಕುಳಿತ. "ಉಳಿದ ಹನ್ನೊಂದು ಹೆಂಗ ಅದಾವ್ರಿ? ಉಷೆಯ ಪ್ರಥಮ ಕಿರಣ, ಅದು?"

"ಅವನ್ನ ಯಾರೂ ಓದೂದಿಲ್ರಿ. ಅಕ್ಷರ ಭಾಳ ಅದಾವು." ಸ್ವಲ್ಪ ತಡೆದು ಕೇಳಿದರು. "ಅಲ್ರೀ ಸರ, ಈ ವಸಂತಿ ಅನ್ನಾವ್ರು ಯಾರು? ಎಲ್ಲಾರೂ ಅದನ್ನ ಕೇಳತಾರ. ಮುಂದಿಂದು ಅವರನ್ನೇ ಕೇಳಿ ಬರಸ್ರಿ."

ಇದನ್ನು ಹಿಂದಿಗೆ ಅನುವಾದಿಸುವಾಗ ಕೊನೆಯ ಎರಡು ವಾಕ್ಯಗಳನ್ನು ಬಿಟ್ಟುಬಿಡುವ ಯೋಚನೆ ಬಂತು. ಕಿರೀಟ್‌ಭಾಯಿಯ ಮುಖ ನೋಡಿದೆ. ಬಿಡಲಿಲ್ಲ.

ಮುಂದಿನ ಹತ್ತು ಸೀರೆಗಳ ಕರಾರು ಶ್ರೀಮತಿ ವಸಂತಿಬೆನ್ ಅವರ ಹೆಸರಿಗೆ ಬಂತು. ಪದಗಳ ಲೆಕ್ಕ ರದ್ದಾಗಿ, ಸೀರೆಗೆ ಇಷ್ಟು ಎಂದಾಯಿತು. ನನಗೆ ಬರುತ್ತಿದ್ದದ್ದಕ್ಕಿಂತ ಹೆಚ್ಚೇ. ದರದ ವಿಷಯದಲ್ಲಿ ಮಧ್ಯಸ್ಥಿಕೆ ವಹಿಸಲು ನಾನು ರಮಣೀಕ್‌ಭಾಯಿಗೆ ಫೋನ್ ಮಾಡಿದೆ. "ಭಾಭೀಜಿಗೆ ಕೊಡಿ ಸಾಹೇಬ್," ಎಂದರು. ಸಂಘದ ಗುಂಪಿನಲ್ಲಿ ಅನಘಾ ಅಮ್ಮನ ಸುದ್ದಿಯನ್ನು ಹಾಕಿದಳು. ಈ ಸಲ ತೊಂಬತ್ತು ಜನ ಕೈಮುಗಿದರು.

ಈಗ ಬೆಳಿಗ್ಗೆ ಒಂಬತ್ತೂವರೆಗೆ ಸ್ನಾನ ಮಾಡಿ ಮೇಜಿನ ಮುಂದೆ ಕೂರುತ್ತೇನೆ. ವಸಂತಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ, ನನಗೆ ಬರುತ್ತದೆ. ಅವಳು ತೊಗರಿಕಾಯಿ ಬಿಡಿಸುತ್ತ ಫೋಟೊ ನೋಡಿ ಹೇಳುತ್ತಾಳೆ, ನಾನು ಹೊಡೆಯುತ್ತೇನೆ. ನಿನ್ನೆ ಒಂದು ನೇರಳೆ ಸೀರೆಯ ಮುಂದೆ ನನ್ನ ಬೆರಳುಗಳು ನಿಂತವು.

"ಯಾಕ ನಿಂತ್ರಿ?" ಎಂದಳು.

"ಹಗುರ ಅನ್ನೋದರ ಮುಂದ ಒಂದು ಅಲ್ಪವಿರಾಮ ಹಾಕಲೋ ಹೆಂಗ ಅಂತ ವಿಚಾರ ಮಾಡಲಿಕ್ಕೆ ಹತ್ತಿದ್ದೆ."

ವಸಂತಿ ಒಂದು ಕ್ಷಣ ಯೋಚಿಸಿದಳು. "ಬ್ಯಾಡ."

ಹಾಕಲಿಲ್ಲ.